ಆರು ಮುರಿದವರಿಗೆ ಮಾತ್ರೆ, ನಾಲ್ಕು ಮುರಿದವರಿಗೆ ಆಪರೇಷನ್

ವಾರ್ಡಿನಲ್ಲಿ ಅಕ್ಕಪಕ್ಕದ ಎರಡು ಹಾಸಿಗೆ. ಒಂದರಲ್ಲಿ ಏಣಿಯಿಂದ ಬಿದ್ದ 42 ವರ್ಷದ ಗಂಡಸು, ಆರು ಪಕ್ಕೆಲುಬು ಮುರಿದುಕೊಂಡು ಮಲಗಿದ್ದರು. ಇನ್ನೊಂದರಲ್ಲಿ ಕಾರು ಗುದ್ದಿ ಬಂದ 68 ವರ್ಷದ ಹೆಂಗಸು. ಅವರಿಗೆ ಮುರಿದದ್ದು ನಾಲ್ಕು. ಆ ಅಮ್ಮನನ್ನು ಎರಡನೇ ದಿನ, ಮುರಿದ ಪಕ್ಕೆಲುಬಿಗೆ ಲೋಹದ ಪ್ಲೇಟು ಹಾಕಲು, ಆಪರೇಷನ್‌ಗೆ ಕರೆದುಕೊಂಡು ಹೋದೆವು. ಏಣಿಯಿಂದ ಬಿದ್ದವರಿಗೆ ಕೊಟ್ಟದ್ದು ನೋವಿನ ಮಾತ್ರೆ, ಪಕ್ಕೆಗೊಂದು ಮರಗಟ್ಟಿಸುವ ಇಂಜೆಕ್ಷನ್, ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ. ಅಷ್ಟೇ.

ಮೂರನೇ ದಿನ ಅವರ ತಮ್ಮ ನನ್ನನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದರು. "ಡಾಕ್ಟ್ರೇ, ನಾನೇ ಎಣಿಸಿದ್ದೀನಿ. ಆ ಅಮ್ಮನಿಗೆ ನಾಲ್ಕು, ನಮ್ಮಣ್ಣನಿಗೆ ಆರು. ಅವರಿಗೆ ಪ್ಲೇಟು, ನಮಗೆ ಮಾತ್ರೆನಾ?"

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾವು ಎಣಿಸುತ್ತಿದ್ದದ್ದು ಬೇರೆ. ಅವತ್ತು ಕಾರಿಡಾರಿನಲ್ಲಿ ಐದು ನಿಮಿಷದಲ್ಲಿ ಹೇಳಿದ್ದನ್ನೇ ಇವತ್ತು ಈ ಸಭೆಯಲ್ಲಿ ನಿಮಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮಗೆ 12 ಜೊತೆ ಪಕ್ಕೆಲುಬು. ಎಲ್ಲವೂ ಹಿಂದೆ ಬೆನ್ನುಮೂಳೆಗೆ ಸಿಕ್ಕಿಕೊಂಡಿವೆ. ಮೇಲಿನ 7 ಜೊತೆ ಮುಂದೆ ಎದೆಮೂಳೆಗೆ ನೇರವಾಗಿ ಬಂದು ಸೇರುತ್ತವೆ. ಆಮೇಲಿನ 3 ತಮ್ಮ ಮೇಲಿನದರ ಮೆದುಮೂಳೆಯನ್ನು ಹಿಡಿದುಕೊಂಡಿವೆ. ಕೊನೆಯ 2 ಮುಂದೆ ಎಲ್ಲಿಗೂ ಸೇರುವುದಿಲ್ಲ. ಕೈಯನ್ನು ಪಕ್ಕೆಯ ಮೇಲಿಟ್ಟು ಒಂದು ಸಲ ಉಸಿರೆಳೆದು ನೋಡಿ. ಬಕೆಟ್‌ನ ಹಿಡಿ ಎತ್ತಿದ ಹಾಗೆ ಪಕ್ಕೆ ಮೇಲಕ್ಕೂ ಹೊರಕ್ಕೂ ಹೋಗುತ್ತದೆ, ಅಲ್ವಾ? ನಿಮಿಷಕ್ಕೆ 15 ಉಸಿರು ಅಂತ ಹಿಡಿದರೂ ದಿನಕ್ಕೆ 21,600 ಸಲ ಅದು ಹೀಗೆ ಏರಿ ಇಳಿಯಬೇಕು.

ಕೈ ಮುರಿದರೆ ಪ್ಲಾಸ್ಟರ್ ಹಾಕಿ ಆರು ವಾರ ಅಲುಗಾಡಿಸಬೇಡಿ ಅನ್ನುತ್ತೇವೆ. ಮೂಳೆ ಚಿಕಿತ್ಸೆಯ ಮೊದಲ ಪಾಠವೇ ಅದು. ಅದೇ ಪಾಠವನ್ನು ಪಕ್ಕೆಲುಬಿಗೆ ಹೇಳಿದರೆ ಮನುಷ್ಯ ಉಳಿಯುವುದಿಲ್ಲ. ಹಾಗಾಗಿ ಪಕ್ಕೆಲುಬು ಅಲುಗಾಡುತ್ತಲೇ ಕೂಡಬೇಕು. ಆಶ್ಚರ್ಯ ಏನೆಂದರೆ, ಹೆಚ್ಚಿನ ಸಲ ಕೂಡುತ್ತದೆ. ಮೇಲೊಂದು ಪಕ್ಕೆಲುಬು, ಕೆಳಗೊಂದು ಪಕ್ಕೆಲುಬು, ನಡುವೆ ಬಿಗಿಯಾದ ಮಾಂಸಖಂಡ. ಮುರಿದದ್ದನ್ನು ಅಕ್ಕಪಕ್ಕದವು ಹಿಡಿದುಕೊಂಡಿರುತ್ತವೆ. ಎರಡು ಮೂರು ವಾರದ ಹೊತ್ತಿಗೆ ಮುರಿದ ಜಾಗದ ಸುತ್ತ ಗಂಟಿನ ಹಾಗೆ ಹೊಸ ಮೂಳೆ ಕಟ್ಟಲು ಶುರುವಾಗುತ್ತದೆ. ಸಾಮಾನ್ಯವಾಗಿ ಆರು ವಾರಕ್ಕೆ ಗಟ್ಟಿಯಾಗುತ್ತದೆ. ಕೆಲವರಿಗೆ ಹನ್ನೆರಡು ವಾರವೂ ಬೇಕಾಗಬಹುದು.

ಹಾಗಾದರೆ ಭಯ ಯಾಕೆ? ಭಯ ಮೂಳೆಯದ್ದಲ್ಲ, ಉಸಿರಿನದ್ದು. ಮುರಿದ ತುದಿಗಳು ಉಸಿರೆಳೆದಾಗಲೆಲ್ಲ ಒಂದಕ್ಕೊಂದು ಉಜ್ಜುತ್ತವೆ. ನೋವು ತಡೆಯಲಾರದೆ ಮನುಷ್ಯ ಮೇಲ್ಮೇಲೆ ಚಿಕ್ಕ ಉಸಿರು ತೆಗೆದುಕೊಳ್ಳತೊಡಗುತ್ತಾನೆ. ಶ್ವಾಸಕೋಶದ ತಳಭಾಗಕ್ಕೆ ಗಾಳಿಯೇ ಹೋಗುವುದಿಲ್ಲ. ಅದು ಒದ್ದೆ ಸ್ಪಂಜಿನ ಹಾಗೆ ಮುದುಡಿಕೊಳ್ಳುತ್ತದೆ. ಕೆಮ್ಮಿದರೆ ಪ್ರಾಣ ಹೋದ ಹಾಗಾಗುತ್ತದೆ, ಅದಕ್ಕೆ ಕೆಮ್ಮನ್ನೂ ನುಂಗಿಕೊಳ್ಳುತ್ತಾನೆ. ಕಫ ಅಲ್ಲೇ ನಿಲ್ಲುತ್ತದೆ. ನಿಂತ ಕಫದಲ್ಲಿ ಸೋಂಕು. ನಾಲ್ಕನೇ ದಿನವೋ ಐದನೇ ದಿನವೋ ಜ್ವರ, ಏದುಸಿರು. ಮುರಿದ ಪಕ್ಕೆಲುಬಿನ ಹೆಸರಿನಲ್ಲಿ ಸಾಯುವ ಬಹಳ ಜನ ನಿಜವಾಗಿ ಸಾಯುವುದು ಈ ನ್ಯುಮೋನಿಯಾದಿಂದ.

ವಯಸ್ಸಾದವರಲ್ಲಿ ಇದು ಇನ್ನೂ ಬೇಗ. 2000ದಲ್ಲಿ ಅಮೆರಿಕದ ಸಿಯಾಟಲ್‌ನಿಂದ ಒಂದು ಅಧ್ಯಯನ ಬಂತು. 65 ದಾಟಿದವರನ್ನು ಅದಕ್ಕಿಂತ ಚಿಕ್ಕವರ ಜೊತೆ ಹೋಲಿಸಿದ್ದರು. ವಯಸ್ಸಾದವರಲ್ಲಿ 31% ಜನಕ್ಕೆ ನ್ಯುಮೋನಿಯಾ ಬಂದಿತ್ತು, ಚಿಕ್ಕವರಲ್ಲಿ 17%. ಸಾವು 22% ಮತ್ತು 10%. ಅದಕ್ಕಿಂತ ಮನಸ್ಸಿಗೆ ನಾಟಿದ ಮಾತು ಇನ್ನೊಂದು. ವಯಸ್ಸಾದವರಲ್ಲಿ ಮುರಿದ ಒಂದೊಂದು ಹೆಚ್ಚಿನ ಪಕ್ಕೆಲುಬಿಗೂ ಸಾವಿನ ಅಪಾಯ 19% ಏರುತ್ತಿತ್ತು. ಆದ್ದರಿಂದ 70 ವರ್ಷದವರು ಬಚ್ಚಲಲ್ಲಿ ಜಾರಿ ಬಿದ್ದು "ಎರಡೇ ಮುರಿದಿದೆಯಂತೆ, ಮನೆಗೆ ಹೋಗ್ತೀನಿ" ಅಂದರೆ ನಾನು ಸುಮ್ನೆ ಹೂಂ ಅನ್ನುವುದಿಲ್ಲ. 25ರ ಹುಡುಗ ಅದೇ ಮಾತು ಹೇಳಿದರೆ, ಬೇರೆ ತೊಂದರೆ ಇಲ್ಲದಿದ್ದರೆ, ಕಳಿಸಿಕೊಡುತ್ತೇನೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. "ಬಿಗಿಯಾಗಿ ಒಂದು ಬೆಲ್ಟ್ ಕಟ್ಟಿಬಿಡಿ ಡಾಕ್ಟ್ರೇ" ಅಂತ ಕೇಳದವರೇ ಇಲ್ಲ. ಒಂದು ಕಾಲದಲ್ಲಿ ವೈದ್ಯರೇ ಅಗಲವಾದ ಅಂಟುಪಟ್ಟಿಯನ್ನು ಎದೆಗೆ ಸುತ್ತುತ್ತಿದ್ದರು. ಕಟ್ಟಿದ ಕೂಡಲೇ ನೋವು ಕಡಿಮೆ ಅನ್ನಿಸುವುದೂ ನಿಜ. ಯಾಕೆಂದರೆ ಎದೆ ಹಿಗ್ಗುವುದೇ ನಿಂತುಹೋಗಿರುತ್ತದೆ. ಮುದುಡಿದ ಶ್ವಾಸಕೋಶವನ್ನು ಇನ್ನಷ್ಟು ಮುದುಡಿಸಿ ನ್ಯುಮೋನಿಯಾಕ್ಕೆ ಬಾಗಿಲು ತೆಗೆದ ಹಾಗೆ. ಆ ಪದ್ಧತಿ ಬಿಟ್ಟು ಬಹಳ ಕಾಲವಾಯಿತು. ಬೆಲ್ಟ್ ಬದಲಿಗೆ ಒಂದು ದಿಂಬು ಇಟ್ಟುಕೊಳ್ಳಿ. ಕೆಮ್ಮು ಬಂದಾಗ ಅದನ್ನು ಮುರಿದ ಜಾಗಕ್ಕೆ ಒತ್ತಿ ಅಪ್ಪಿಕೊಂಡು ಕೆಮ್ಮಿ. ಕೆಮ್ಮು ಮುಗಿದ ಮೇಲೆ ತೆಗೆದುಬಿಡಿ.

ಈಗ ಆಪರೇಷನ್ ಇಲ್ಲದ ಚಿಕಿತ್ಸೆ. ಇದನ್ನು ಜನ "ಏನೂ ಮಾಡಲಿಲ್ಲ" ಅಂತ ಕರೆಯುತ್ತಾರೆ. ನನಗೆ ಸ್ವಲ್ಪ ಬೇಜಾರಾಗುವುದು ಇಲ್ಲೇ. ಸರಿಯಾಗಿ ಮಾಡಿದರೆ ಇದು ಆಪರೇಷನ್‌ಗಿಂತ ಜಾಸ್ತಿ ದುಡಿಮೆ ಬೇಡುತ್ತದೆ. ಪ್ಯಾರಾಸಿಟಮಾಲ್ ಗಂಟೆ ಹೊತ್ತು ನೋಡಿ ಕೊಡಬೇಕು, ನೋವು ಬಂದ ಮೇಲಲ್ಲ. ಕಿಡ್ನಿ, ಹೊಟ್ಟೆ ಸರಿಯಿದ್ದವರಿಗೆ ಐಬುಪ್ರೊಫೆನ್ ಥರದ್ದು ಸೇರಿಸಬಹುದು. ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್ ಜಾತಿಯ ಔಷಧಿ, ಅದೂ ಕೈ ಹಿಡಿದು. ಜಾಸ್ತಿಯಾದರೆ ಅದು ನೋವಿನ ಜೊತೆಗೆ ಉಸಿರನ್ನೂ ಮಲಗಿಸುತ್ತದೆ. ವಯಸ್ಸಾದವರಿಗೆ ಮಂಪರು ಬಂದು ಕೆಮ್ಮೇ ಮರೆತುಹೋಗುತ್ತದೆ.

ಅದಕ್ಕೇ ಈಗ ಅರಿವಳಿಕೆ ವೈದ್ಯರನ್ನು ಮೊದಲ ದಿನವೇ ಕರೆಯುತ್ತೇವೆ. ಪ್ರತಿ ಪಕ್ಕೆಲುಬಿನ ಕೆಳಗಿನ ಅಂಚಿನಲ್ಲಿ ಒಂದು ನರ ಸಾಗುತ್ತದೆ. ನೋವಿನ ಸುದ್ದಿ ಹೊರುವುದು ಅದೇ. ಆ ನರಗಳನ್ನು ಮರಗಟ್ಟಿಸಿದರೆ ತಲೆಗೆ ಮಂಪರಿಲ್ಲದೆ ಪಕ್ಕೆಯ ನೋವು ಮಾತ್ರ ಹೋಗುತ್ತದೆ. ಮೊದಲೆಲ್ಲ ಬೆನ್ನಿನ ಎಪಿಡ್ಯೂರಲ್, ಅಂದರೆ ಬೆನ್ನುಹುರಿಯ ಪೊರೆಯ ಹೊರಗೆ ಮರಗಟ್ಟಿಸುವ ಔಷಧಿ ಬಿಡುವುದು, ಒಂದೇ ದೊಡ್ಡ ದಾರಿಯಾಗಿತ್ತು. ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರಿಗೆ, ಬಿಪಿ ಇಳಿದವರಿಗೆ ಅದು ಆಗಿಬರುವುದಿಲ್ಲ. 2016ರಲ್ಲಿ ಎರೆಕ್ಟರ್ ಸ್ಪೈನೆ ಬ್ಲಾಕ್ ಅನ್ನುವುದನ್ನು ಮೊದಲ ಸಲ ವರದಿ ಮಾಡಿದರು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಬೆನ್ನಿನ ಉದ್ದ ಸ್ನಾಯುವಿನ ಕೆಳಗೆ ಔಷಧಿ ಹರಿಸುವುದು. ಸಣ್ಣ ನಳಿಕೆ ಬಿಟ್ಟರೆ ಮೂರು ನಾಲ್ಕು ದಿನ ಹರಿಸುತ್ತಲೇ ಇರಬಹುದು. ನನ್ನ ಕೆಲಸದಲ್ಲಿ ಪ್ಲೇಟಿನಷ್ಟೇ ಬದಲಾವಣೆ ತಂದದ್ದು ಈ ಸೂಜಿಗಳು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ನೋವು ಇಳಿದ ಮೇಲೆ ಮೂರು ಚೆಂಡಿನ ಡಬ್ಬಿ. ನೀವೂ ನೋಡಿರುತ್ತೀರಿ. ಬಹಳ ಜನ ಅದನ್ನು ಊದುತ್ತಾರೆ! ಊದುವುದಲ್ಲ, ಎಳೆಯುವುದು. ನಳಿಕೆ ಬಾಯಲ್ಲಿಟ್ಟು ನಿಧಾನವಾಗಿ ಉಸಿರೆಳೆದರೆ ಚೆಂಡು ಏರುತ್ತದೆ. ಸಾಮಾನ್ಯ ಡಬ್ಬಿಯಲ್ಲಿ ಮೊದಲ ಚೆಂಡಿಗೆ ಸೆಕೆಂಡಿಗೆ 600 ಮಿಲಿಲೀಟರ್, ಎರಡನೆಯದಕ್ಕೆ 900, ಮೂರನೆಯದಕ್ಕೆ 1200 ಬೇಕು. ಮೂರನ್ನೂ ಪಟ್ ಅಂತ ಹಾರಿಸಿ ಖುಷಿಪಡುವವರಿದ್ದಾರೆ. ಅದರಿಂದ ಲಾಭ ಕಡಿಮೆ. ಒಂದೋ ಎರಡೋ ಚೆಂಡನ್ನು ಮೇಲೆತ್ತಿ ಅಲ್ಲೇ ಮೂರು ಸೆಕೆಂಡ್ ನಿಲ್ಲಿಸಬೇಕು. ಆಗ ತಳದ ಗಾಳಿಗೂಡುಗಳು ಬಿಚ್ಚಿಕೊಳ್ಳುತ್ತವೆ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಜೊತೆಗೆ ಹಾಸಿಗೆ ಬಿಟ್ಟು ಎದ್ದು ನಡೆಯಬೇಕು. ಸಿಗರೇಟು ಬಿಡಬೇಕು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ಹಾಗಾಗಿ ನಾವು ಎಣಿಸುವುದು ಮುರಿದ ಮೂಳೆಯನ್ನಲ್ಲ. ಬೆಳಿಗ್ಗೆ ರೌಂಡ್ಸಿನಲ್ಲಿ ಮೂರೇ ವಿಷಯ ನೋಡುತ್ತೇನೆ: ನೋವು ಎಷ್ಟು, ಚೆಂಡು ಎಷ್ಟು ಏರಿತು, ಕೆಮ್ಮು ಹೇಗಿದೆ. ಕೆಮ್ಮಿ ಅಂದಾಗ ಗೋಡೆಗೆ ಬಡಿಯುವ ಹಾಗೆ ಕೆಮ್ಮಿದರೆ ನನಗೆ ನೆಮ್ಮದಿ. ಗಂಟಲಲ್ಲೇ "ಕ್ಹು" ಅಂದು ಸುಮ್ಮನಾದರೆ ನನಗೆ ಅವತ್ತು ಮಧ್ಯಾಹ್ನದ ಊಟ ರುಚಿಸುವುದಿಲ್ಲ. ಏಣಿಯಿಂದ ಬಿದ್ದವರಿಗೆ ಆರೂ ಒಂದೊಂದೇ ಕಡೆ ಮುರಿದಿತ್ತು. ತುದಿಗಳು ಜಾಗ ಬಿಟ್ಟಿರಲಿಲ್ಲ. ಸೂಜಿ ಹಾಕಿದ ಅರ್ಧ ಗಂಟೆಗೆ ಎರಡು ಚೆಂಡು ಏರಿಸಿದರು. ಕೆಮ್ಮು ಪಕ್ಕದ ವಾರ್ಡಿಗೆ ಕೇಳಿಸಿತು.

ಎಕ್ಸ್-ರೇ ಬಗ್ಗೆ ಒಂದು ಮಾತು. ಮಾಮೂಲಿ ಎದೆಯ ಎಕ್ಸ್-ರೇಯಲ್ಲಿ ಪಕ್ಕೆಲುಬಿನ ಎಷ್ಟೋ ಮುರಿತಗಳು ಕಾಣುವುದೇ ಇಲ್ಲ. ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತವೆ. ಆದರೂ ಎಕ್ಸ್-ರೇ ತೆಗೆಸುವುದು ಯಾಕೆಂದರೆ ನಮಗೆ ಮೊದಲು ಬೇಕಾದ್ದು ಒಳಗಿನ ಸುದ್ದಿ. ಶ್ವಾಸಕೋಶ ತೂತಾಗಿ ಗಾಳಿ ತುಂಬಿದೆಯಾ, ರಕ್ತ ನಿಂತಿದೆಯಾ? ಕೆಳಗಿನ ಪಕ್ಕೆಲುಬು ಮುರಿದಿದ್ದರೆ ಬಲಗಡೆ ಲಿವರ್, ಎಡಗಡೆ ಗುಲ್ಮವನ್ನು (ಸ್ಪ್ಲೀನ್) ನೋಡಲೇಬೇಕು. ಮೊದಲನೇ ಪಕ್ಕೆಲುಬು ಕುತ್ತಿಗೆಯ ಬುಡದಲ್ಲಿ ಭದ್ರವಾಗಿ ಅಡಗಿದೆ. ಅದು ಮುರಿದಿದೆ ಅಂದರೆ ಪೆಟ್ಟು ಭಾರಿಯದ್ದು, ದೊಡ್ಡ ರಕ್ತನಾಳಗಳ ಮೇಲೆ ಕಣ್ಣಿಡಬೇಕು.

ಈಗ ಆ ಅಮ್ಮನ ವಿಷಯಕ್ಕೆ ಬರೋಣ. ಅವರಿಗೆ ನಾಲ್ಕು ಪಕ್ಕೆಲುಬು, ಒಂದರ ಕೆಳಗೊಂದು, ಪ್ರತಿಯೊಂದೂ ಎರಡೆರಡು ಕಡೆ ಮುರಿದಿತ್ತು. ಅಂದರೆ ಎದೆಗೂಡಿನ ಒಂದು ತುಂಡು ಉಳಿದ ಗೂಡಿನಿಂದ ಬಿಡಿಯಾಗಿತ್ತು. ಇಂಥದ್ದು ಮೂರು ಅಥವಾ ಹೆಚ್ಚು ಸಾಲು ಪಕ್ಕೆಲುಬಿನಲ್ಲಿ ಆದರೆ ಅದಕ್ಕೆ ಫ್ಲೇಲ್ ಚೆಸ್ಟ್ ಅನ್ನುತ್ತೇವೆ. ಹಾಸಿಗೆಯ ಕಾಲ ಬಳಿ ನಿಂತು ನೋಡಿದರೆ ಸಾಕು, ಗೊತ್ತಾಗುತ್ತದೆ. ಅವರು ಉಸಿರೆಳೆದಾಗ ಎದೆಯೆಲ್ಲ ಉಬ್ಬುತ್ತದೆ, ಅಂಗೈಯಷ್ಟು ಜಾಗ ಮಾತ್ರ ಒಳಕ್ಕೆ ಕುಸಿಯುತ್ತದೆ. ಉಸಿರು ಬಿಟ್ಟಾಗ ಎಲ್ಲ ಇಳಿಯುತ್ತದೆ, ಆ ಜಾಗ ಉಬ್ಬುತ್ತದೆ. ಕೆಳಗಿನ ಶ್ವಾಸಕೋಶವೂ ಜಜ್ಜಿಹೋಗಿರುತ್ತದೆ. ಆಮ್ಲಜನಕ ಇಳಿಯುವುದಕ್ಕೆ ಎದೆಯ ಕುಣಿತಕ್ಕಿಂತ ಈ ಜಜ್ಜಿದ ಶ್ವಾಸಕೋಶವೇ ಹೆಚ್ಚಿನ ಕಾರಣ. ಪ್ಲೇಟು ಹಾಕಿದರೆ ಗೋಡೆ ನೆಟ್ಟಗಾಗುತ್ತದೆ, ಜಜ್ಜಿದ್ದು ವಾಸಿಯಾಗುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ.

ಈ ಕುಸಿಯುವ ಎದೆಯನ್ನು ಏನು ಮಾಡುವುದು ಅನ್ನುವುದಕ್ಕೆ ನಮ್ಮ ಹಿಂದಿನವರು ಪಟ್ಟ ಪಾಡು ಕೇಳಿದರೆ ನಗುವೂ ಬರುತ್ತದೆ, ಮೈಯೂ ಜುಂ ಅನ್ನುತ್ತದೆ. ಆಪರೇಷನ್ ಬಟ್ಟೆ ಹಿಡಿಸುವ ಚೂಪು ತುದಿಯ ಕ್ಲಿಪ್ಪನ್ನು ಪಕ್ಕೆಲುಬಿಗೆ ಕಚ್ಚಿಸಿ, ಅದಕ್ಕೆ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ ತೂಕ ನೇತುಹಾಕುತ್ತಿದ್ದರು. ರೋಗಿ ವಾರಗಟ್ಟಲೆ ಹಾಗೇ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿ, ವೈದ್ಯ ವಿದ್ಯಾರ್ಥಿಗಳು ಸರದಿ ಮೇಲೆ ಕೈಯಿಂದ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಅಲ್ಲಿಂದ ಗಾಳಿ ತುಂಬುವ ಯಂತ್ರಗಳು ಎಲ್ಲೆಡೆ ಬಂದವು. 1956ರ ಹೊತ್ತಿಗೆ ಎದೆ ನಜ್ಜುಗುಜ್ಜಾದವರಿಗೂ ಅದನ್ನೇ ಹಚ್ಚಿದರು. ಹೊರಗಿನಿಂದ ಎಳೆಯುವ ಬದಲು ಒಳಗಿನ ಗಾಳಿಯ ಒತ್ತಡವೇ ಎದೆಯನ್ನು ಹಿಡಿದು ನಿಲ್ಲಿಸಲಿ ಅನ್ನುವ ಯೋಚನೆ. ಒಳ್ಳೆಯದೇ. ಆದರೆ ಎಲ್ಲರನ್ನೂ ವಾರಗಟ್ಟಲೆ ವೆಂಟಿಲೇಟರ್‌ಗೆ ಹಾಕತೊಡಗಿದ ಮೇಲೆ ಅದರದ್ದೇ ಸೋಂಕು ಶುರುವಾಯಿತು. ಫ್ಲೇಲ್ ಚೆಸ್ಟ್ ಇದ್ದ ಮಾತ್ರಕ್ಕೆ ವೆಂಟಿಲೇಟರ್ ಬೇಕಿಲ್ಲ, ಉಸಿರು ಸೋತರೆ ಮಾತ್ರ ಬೇಕು ಅನ್ನುವುದು 1975ರ ಸುಮಾರಿಗೆ ಸ್ಪಷ್ಟವಾಯಿತು.

ಇತ್ತೀಚಿನ ಪ್ಲೇಟುಗಳು ಟೈಟಾನಿಯಂನವು. ತೆಳ್ಳಗೆ, ಪಕ್ಕೆಲುಬಿನ ಬಾಗಿಗೆ ಮೊದಲೇ ಬಗ್ಗಿಸಿಟ್ಟವು. ಆಪರೇಷನ್ ಹೇಗಿರುತ್ತದೆ ಅಂದರೆ: ಪೂರ್ತಿ ಅರಿವಳಿಕೆ ಕೊಟ್ಟು ರೋಗಿಯನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸುತ್ತೇವೆ. ಮುರಿತದ ಮೇಲೆಯೇ ಗೀರು. ಬೆನ್ನಿನ ದೊಡ್ಡ ಸ್ನಾಯುವನ್ನು ಕತ್ತರಿಸದೆ ಎಳೆಗಳ ನಡುವೆ ಬಿಡಿಸಿಕೊಂಡು ಒಳಹೋಗುತ್ತೇವೆ. ಮುರಿದ ತುದಿಗಳನ್ನು ಎತ್ತಿ ಕೂಡಿಸಿ, ಮೇಲೆ ಪ್ಲೇಟು ಇಟ್ಟು ಆಚೆ ಮೂರು, ಈಚೆ ಮೂರು ಸ್ಕ್ರೂ. ಸ್ಕ್ರೂ ಹಾಕುವ ಮೊದಲು ಪಕ್ಕೆಲುಬಿನ ದಪ್ಪ ಅಳೆಯಬೇಕು. ಒಂದು ಸೆಂಟಿಮೀಟರ್ ಆಸುಪಾಸು ಇರುತ್ತದೆ, ಅಷ್ಟೇ. ಅದರಾಚೆ ಶ್ವಾಸಕೋಶ. ಡ್ರಿಲ್ ಹಿಡಿದಾಗ ಅರಿವಳಿಕೆ ವೈದ್ಯರಿಗೆ "ಒಂದು ಕ್ಷಣ ಉಸಿರು ನಿಲ್ಲಿಸಿ" ಅನ್ನುತ್ತೇನೆ. ಅವರು ಯಂತ್ರ ನಿಲ್ಲಿಸುತ್ತಾರೆ, ಶ್ವಾಸಕೋಶ ಕೆಳಗೆ ಸರಿಯುತ್ತದೆ, ನಾನು ತೂತು ಕೊರೆಯುತ್ತೇನೆ. ಇಷ್ಟು ವರ್ಷವಾದರೂ ಆ ಒಂದು ಕ್ಷಣ ನಾನೂ ಉಸಿರು ಹಿಡಿದಿರುತ್ತೇನೆ.

ಎಲ್ಲ ಪಕ್ಕೆಲುಬಿಗೂ ಪ್ಲೇಟು ಹಾಕುವುದಿಲ್ಲ. ಮೊದಲ ಎರಡು ತಲುಪುವುದು ಕಷ್ಟ, ಅಪಾಯ ಜಾಸ್ತಿ. ಕೊನೆಯ ಎರಡರಿಂದ ಉಸಿರಿಗೆ ಆಗುವ ಉಪಕಾರ ಅಷ್ಟಕ್ಕಷ್ಟೇ. ಹೆಗಲ ಹಲಗೆಯ ಅಡಿಗೆ ಬರುವವು ಸಿಕ್ಕರೆ ಸಿಕ್ಕವು. ಮಾಡುವುದಾದರೆ ಬೇಗ, ಆದಷ್ಟು 72 ಗಂಟೆಯೊಳಗೆ. ಆಮೇಲೆ ಬಾವು, ಹೆಪ್ಪುಗಟ್ಟಿದ ರಕ್ತ ಸೇರಿ ಕೆಲಸ ತೊಡಕಾಗುತ್ತದೆ. ಅಷ್ಟರಲ್ಲಿ ನ್ಯುಮೋನಿಯಾ ಬಂದಿದ್ದರಂತೂ ಪ್ಲೇಟು ಹಾಕಿ ಉಳಿಸಬೇಕಾದ್ದು ಕೈ ಜಾರಿರುತ್ತದೆ. ತಲೆಗೆ ಭಾರಿ ಪೆಟ್ಟಾದವರಿಗೆ, ರಕ್ತದೊತ್ತಡವೇ ನಿಲ್ಲದವರಿಗೆ ಕಾಯಬೇಕು. ಆಪರೇಷನ್ ಅಂದ ಮೇಲೆ ಸೋಂಕು, ರಕ್ತಸ್ರಾವ, ಸ್ಕ್ರೂ ಸಡಿಲವಾಗುವುದು, ಗಾಯದ ಸುತ್ತ ಚರ್ಮ ಮರಗಟ್ಟುವುದು ಇವೆಲ್ಲ ಇದ್ದೇ ಇವೆ.

ಇದರಿಂದ ಲಾಭ ಇದೆ ಅಂತ ಹೇಗೆ ಗೊತ್ತು? ನ್ಯಾಯವಾಗಿ ಹೇಳಬೇಕಾದರೆ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಪ್ಲೇಟು, ಒಬ್ಬರಿಗೆ ಬೇಡ ಅಂತ ಇಟ್ಟು ನೋಡಬೇಕು. ಅಂಥ ಮೊದಮೊದಲ ಪರೀಕ್ಷೆಗಳು ಫ್ಲೇಲ್ ಚೆಸ್ಟ್ ಇದ್ದವರ ಮೇಲೆ ನಡೆದವು. 2002ರಲ್ಲಿ ಜಪಾನಿನಲ್ಲಿ 37 ಜನ, 2005ರಲ್ಲಿ ಈಜಿಪ್ಟಿನಲ್ಲಿ 40, 2013ರಲ್ಲಿ ಆಸ್ಟ್ರೇಲಿಯಾದಲ್ಲಿ 46. ಮೂರೂ ಸೇರಿದರೆ 123. ಒಂದು ಮದುವೆ ಊಟದ ಪಂಕ್ತಿಯಷ್ಟು ಜನ! ಆದರೆ ಮೂರೂ ಒಂದೇ ಕಡೆ ಬೆರಳು ತೋರಿಸಿದವು. ಜಪಾನಿನಲ್ಲಿ ಪ್ಲೇಟಿಲ್ಲದವರು ಸರಾಸರಿ 18 ದಿನ ವೆಂಟಿಲೇಟರ್ ಮೇಲಿದ್ದರೆ, ಆಪರೇಷನ್ ಆದವರು 11 ದಿನಕ್ಕೆ ಹೊರಬಂದರು.

ಆಮೇಲೆ 2022ರಲ್ಲಿ ಕೆನಡಾ ಮತ್ತು ಅಮೆರಿಕದಿಂದ 207 ಜನರ ಪರೀಕ್ಷೆ ಬಂತು. ಒಟ್ಟಾರೆ ನೋಡಿದರೆ ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳಲ್ಲಿ ಖಚಿತವಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಶುರುವಿನಲ್ಲೇ ವೆಂಟಿಲೇಟರ್ ಮೇಲಿದ್ದವರನ್ನು ಬೇರೆಯಾಗಿ ನೋಡಿದರೆ ಲಾಭ ಕಂಡಿತು. ಸಾವು ಆಪರೇಷನ್ ಗುಂಪಿನಲ್ಲಿ ಒಂದೂ ಇರಲಿಲ್ಲ, ಇನ್ನೊಂದರಲ್ಲಿ 6%.

ಫ್ಲೇಲ್ ಇಲ್ಲದೆ, ಸುಮ್ನೆ ಮೂರು ನಾಲ್ಕು ಮುರಿದವರ ಕತೆ ಇಷ್ಟು ನೇರವಿಲ್ಲ. 2020ರಲ್ಲಿ ಅಮೆರಿಕದಲ್ಲಿ, ಜಾಗ ಬಿಟ್ಟು ಸರಿದ ಮೂರು ಅಥವಾ ಹೆಚ್ಚು ಮುರಿತ ಇದ್ದ 110 ಜನರನ್ನು ನೋಡಿದರು. ಎರಡು ವಾರಕ್ಕೆ ಪ್ಲೇಟು ಹಾಕಿಸಿಕೊಂಡವರಿಗೆ ನೋವು ಕಡಿಮೆ ಇತ್ತು. ಆದರೆ ಅವರಲ್ಲಿ ಹೆಚ್ಚಿನವರು ಚೀಟಿ ಎತ್ತಿದವರಲ್ಲ, ಚಿಕಿತ್ಸೆಯನ್ನು ತಾವೇ ಆರಿಸಿಕೊಂಡವರು. ಬೇಕು ಅಂತ ಆಪರೇಷನ್ ಮಾಡಿಸಿಕೊಂಡವರು "ನೋವು ಕಡಿಮೆ" ಅನ್ನುವುದು ಸಹಜ ತಾನೆ? 2023ರಲ್ಲಿ ಬಂದ 84 ಜನರ ಪರೀಕ್ಷೆಯಲ್ಲಿ ಪ್ಲೇಟಿನಿಂದ ಆಸ್ಪತ್ರೆಯ ದಿನಗಳು ಕಡಿಮೆಯಾಗಲಿಲ್ಲ. ಹಾಗಾಗಿ ಎಕ್ಸ್-ರೇ ಕಂಡ ಕೂಡಲೇ ಡ್ರಿಲ್ ಎತ್ತುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ. ಫ್ಲೇಲ್ ಇದ್ದೂ, ರೋಗಿ ಸೋಲುತ್ತಿದ್ದೂ "ನೋಡೋಣ, ನೋಡೋಣ" ಅಂತ ಒಂದು ವಾರ ಕಳೆಯುವವರನ್ನು ಕಂಡರೆ ಇನ್ನೂ ಜಾಸ್ತಿ ಅನುಮಾನ.

ಇವೆರಡರ ನಡುವೆ ನಿಂತವರೇ ನಮಗೆ ಕಷ್ಟದವರು. ಫ್ಲೇಲ್ ಇಲ್ಲ, ಆದರೆ ನಾಲ್ಕೈದು ಮುರಿತ ಜಾಗ ಬಿಟ್ಟಿದೆ, ಎದೆ ಒಂದು ಕಡೆ ತಗ್ಗಾಗಿದೆ. ಇಂಥವರಿಗೆ ಮೊದಲು ಸೂಜಿ, ಮಾತ್ರೆ, ಫಿಸಿಯೋಥೆರಪಿ ಎಲ್ಲ ಪೂರ್ತಿ ಕೊಟ್ಟು ಒಂದು ದಿನ, ಒಂದೂವರೆ ದಿನ ನೋಡುತ್ತೇನೆ. ಚೆಂಡು ಏರುತ್ತಾ ಹೋದರೆ ಬೇಡ. ಎಲ್ಲ ಕೊಟ್ಟ ಮೇಲೂ ಇಳಿಯುತ್ತಾ ಹೋದರೆ ಆಪರೇಷನ್ ಥಿಯೇಟರ್‌ಗೆ ಫೋನ್ ಮಾಡುತ್ತೇನೆ.

ಸಭೆಯಿಂದ ಬಂದ ಎರಡು ಪ್ರಶ್ನೆಗಳಿಗೆ ಇಲ್ಲೇ ಉತ್ತರ ಸೇರಿಸುತ್ತೇನೆ. ಪ್ಲೇಟನ್ನು ಆಮೇಲೆ ತೆಗೆಸಬೇಕಾ ಅಂತ ಒಬ್ಬರು ಕೇಳಿದರು. ಸೋಂಕೋ ಸಡಿಲವೋ ಆಗದಿದ್ದರೆ ಬೇಡ, ಅದು ಅಲ್ಲೇ ಇರುತ್ತದೆ. ಮನೆಗೆ ಹೋದ ಮೇಲೆ ಯಾವಾಗ ಹೆದರಬೇಕು ಅಂತ ಇನ್ನೊಬ್ಬರು ಕೇಳಿದರು. ನೋವು ದಿನದಿನಕ್ಕೆ ಇಳಿಯಬೇಕು. ಇಳಿದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ಏದುಸಿರು ಶುರುವಾದರೆ, ತಲೆ ಸುತ್ತಿ ಬಿದ್ದರೆ ತಡಮಾಡದೆ ಬನ್ನಿ. ಎದೆಯೊಳಗೆ ರಕ್ತ ಒಂದು ವಾರ ಕಳೆದ ಮೇಲೂ ನಿಧಾನವಾಗಿ ಸೇರಿಕೊಳ್ಳುವುದುಂಟು. ಮೂರು ನಾಲ್ಕು ತಿಂಗಳಾದರೂ ಹೊರಳಿದಾಗ "ಟಕ್" ಅನ್ನುತ್ತಾ ಚುಚ್ಚುತ್ತಿದ್ದರೆ ಮೂಳೆ ಕೂಡಿಲ್ಲದಿರಬಹುದು. ಇದು ಅಪರೂಪ. ಆಗ ಮೊದಲು ಬೇಡ ಅಂದ ಪ್ಲೇಟನ್ನೇ ಆಮೇಲೆ ಹಾಕಬೇಕಾಗುತ್ತದೆ.

ಆ ಅಮ್ಮ ಆಪರೇಷನ್ ಆದ ಮೂರನೇ ದಿನ ಎದ್ದು ಕೂತರು. ಪಕ್ಕೆಯಲ್ಲಿ ಗೀರಿನ ಕೆಳಗೆ ಅಂಗೈಯಗಲ ಚರ್ಮಕ್ಕೆ ಇವತ್ತಿಗೂ ಸ್ಪರ್ಶವಿಲ್ಲವಂತೆ. ಏಣಿಯಿಂದ ಬಿದ್ದವರು ಐದನೇ ದಿನ ಮನೆಗೆ ಹೋದರು. ಏಳನೇ ವಾರ ತಮ್ಮನನ್ನೂ ಕರೆದುಕೊಂಡು ತೋರಿಸಲು ಬಂದರು. ಕೆಮ್ಮಿ ಅಂದೆ. ಕೆಮ್ಮಿದರು, ಚೆನ್ನಾಗಿತ್ತು. "ಕೆಮ್ಮಿಗೆ ಹೆದರಲ್ಲ ಡಾಕ್ಟ್ರೇ, ಸೀನು ಬಂದ್ರೆ ಮಾತ್ರ ಈಗಲೂ ಕೈ ತಾನಾಗಿ ದಿಂಬು ಹುಡುಕುತ್ತೆ" ಅಂದರು. ತಮ್ಮ ಪಕ್ಕದಲ್ಲೇ ಇದ್ದರು, ಚೀಲದಿಂದ ದಿಂಬು ತೆಗೆದು ತೋರಿಸಿದರು.